ಬದನೆಕಾಯಿ ಭೀಮಪಲಾಸ

ನಮ್ಮೂರಿನಲ್ಲಿ ಒಲೆಯ ಮುಂದೆ ಕುಳಿತವರು ಬಾಯಿ ಮುಚ್ಚಿಕೊಂಡಿರಬೇಕು, ಇಲ್ಲವೇ ಏನು ಗುನುಗುತ್ತಿದ್ದೇವೆ ಎಂಬುದರ ಮೇಲೆ ಎಚ್ಚರವಿಟ್ಟಿರಬೇಕು. ಅಡಿಗೆ ಮಾಡುವಾಗ ಗುನುಗಿದ ಧಾಟಿ ಪಾತ್ರೆಗೆ ಇಳಿಯುತ್ತದೆ, ಉಂಡವರ ಗಂಟಲಿಗೆ ಏರುತ್ತದೆ. ಹೊತ್ತು ಮುಳುಗುವ ತನಕ ಅವರು ಅದನ್ನೇ ಗುನುಗುತ್ತ ತಿರುಗುತ್ತಾರೆ. ಹಾಡಿನ ಮಾತು ಇಳಿಯುವುದಿಲ್ಲ, ಧಾಟಿ ಮಾತ್ರ. ಅಡಿಗೆ ಮಾಡಿದವರು ತಾವೇ ಉಂಡರೆ ಏನೂ ಆಗುವುದಿಲ್ಲ; ನಮ್ಮ ಅಂಗಾಲಿಗೆ ನಾವೇ ಕಚಗುಳಿ ಇಟ್ಟುಕೊಂಡ ಹಾಗೆ.

ಇದನ್ನು ಇಲ್ಲಿ ಯಾರೂ ದೊಡ್ಡದು ಮಾಡುವುದಿಲ್ಲ. ಶಾಲೆಯ ಬಿಸಿಯೂಟದ ಅಡಿಗೆಯವಳು ಮಗ್ಗಿಯ ಧಾಟಿ ಗುನುಗುತ್ತ ಬೇಳೆ ಕುದಿಸುತ್ತಾಳೆ, ಮಾಸ್ತರರಿಗೆ ಕೆಲಸ ಹಗುರ. ಕನ್ಯೆ ನೋಡಲು ಬಂದವರು ಉಪ್ಪಿಟ್ಟು ತಿಂದು ಅಂಗಳಕ್ಕಿಳಿದಾಗ ಗಂಟಲಿನಿಂದ ಸಿಡುಕು ಧಾಟಿ ಹೊರಟರೆ, ಈ ಮನೆಯ ಅಡಿಗೆಮನೆಯಲ್ಲಿ ಬೆಳಗ್ಗೆ ಜಗಳ ನಡೆದಿದೆ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಒಂದು ಸಲ ಪೊಲೀಸ್ ಠಾಣೆಗೆ ಬಾಣಂತಿಯ ಮನೆಯ ಚಿತ್ರಾನ್ನ ಹೋಗಿ, ಹಿಡಿದ ಹವಾಲ್ದಾರನೂ ಸಿಕ್ಕಿಬಿದ್ದ ಕಳ್ಳನೂ ಜೋಗುಳ ಗುನುಗುತ್ತ ಒಂದೇ ಬೆಂಚಿನ ಮೇಲೆ ತೂಕಡಿಸಿದ್ದರು. ಸಾವಾದ ಮನೆಗೆ, ಪರೀಕ್ಷೆಗೆ ಓದುವ ಮಕ್ಕಳಿಗೆ, ಕೋರ್ಟಿನಲ್ಲಿ ಸಾಕ್ಷಿ ಹೇಳುವವರಿಗೆ ಮೂಕ ಊಟ ಬೇಕು. ಅಂದರೆ, ಬಾಯಿ ಬಿಡದೆ ಮಾಡಿದ ಅಡಿಗೆ.

ಬಸ್ ನಿಲ್ದಾಣದ ಎದುರಿಗಿರುವ ಖಾನಾವಳಿ ನನ್ನದು. ನನ್ನ ಹೆಸರು ದಾನವ್ವ. ಅವ್ವ ತೀರಿಕೊಂಡ ಮೇಲೆ ನಾನೂ ಅವಳ ತಂಗಿ ಮಲ್ಲವ್ವ ಚಿಗವ್ವನೂ ಕೂಡಿ ಅದನ್ನು ನಡೆಸಿಕೊಂಡು ಬಂದಿದ್ದೇವೆ. ಚಿಗವ್ವನದು ರೊಟ್ಟಿ; ಪಲ್ಯ, ಸಾರು, ಎಣ್ಣೆಗಾಯಿ ನನ್ನದು. ಚಿಗವ್ವನ ಬಾಯಲ್ಲಿ ಸದಾ ಎಲೆಅಡಿಕೆ ತುಂಬಿರುವುದರಿಂದ ಅವಳ ರೊಟ್ಟಿ ಮೂಕ ರೊಟ್ಟಿಯೆಂದು ಊರಿಗೇ ಹೆಸರುವಾಸಿ. ನಾನು ಅವ್ವನ ಕಾಲದಿಂದ ನಡೆದುಬಂದ ಖಾನಾವಳಿಯ ಧಾಟಿಯನ್ನು ಗುನುಗುತ್ತೇನೆ. ಅದು ನಾಲ್ಕೈದು ಸ್ವರಗಳ ಸಾದಾ ಧಾಟಿ. ಗಿರಾಕಿಗಳಿಗೆ ರೂಢಿಯಾಗಿ, ಗಂಟಲಲ್ಲಿ ಇದ್ದೂ ಇಲ್ಲದ ಹಾಗೆ ಇರುತ್ತದೆ. ಬಸ್ಸು ಹಿಡಿಯುವವರಿಗೆ ಅದಕ್ಕಿಂತ ಹೆಚ್ಚು ಬೇಕಿಲ್ಲ.

ಆದರೆ ನನ್ನ ಬದುಕು ಅಷ್ಟೇ ಆಗಿರಲಿಲ್ಲ. ಕೂದಲು ಪೂರ್ತಿ ಕಪ್ಪಿದ್ದ ಕಾಲದಿಂದ ನಾನು ಸುಭದ್ರಾಬಾಯಿಯವರ ಬಳಿ ಸಂಗೀತ ಕಲಿಯುತ್ತಿದ್ದೆ. ಮಧ್ಯಾಹ್ನದ ಪಂಕ್ತಿ ಮುಗಿದ ಮೇಲೆ ಕೈಗೆ ಲಿಂಬೆ ಸಿಪ್ಪೆ ತಿಕ್ಕಿ, ಬೆಳ್ಳುಳ್ಳಿಯ ವಾಸನೆ ಹೋಯಿತೇ ಎಂದು ಮೂಸಿ ನೋಡಿ, ಗಂಜಿ ಹಾಕಿದ ಸೀರೆ ಉಟ್ಟು ಕೋಟೆ ಓಣಿಯ ಅವರ ಮನೆಗೆ ಹೋಗುತ್ತಿದ್ದೆ. ಅಲ್ಲಿ ನಾನು ಮೆಲ್ಲಗೆ ಮಾತಾಡುವ, ತಲೆ ಬಗ್ಗಿಸಿ ಕೂಡುವ ದಾನಮ್ಮ. ಅಲ್ಲಿ ಯಾವತ್ತೂ ನಗುತ್ತಿರಲಿಲ್ಲ. ನನ್ನ ನಗೆ ಹುಂಜ ಕೂಗಿದ ಹಾಗೆ; ಕೆಳಗಿನಿಂದ ಶುರುವಾಗಿ ಒಮ್ಮೆಗೇ ಮೇಲಕ್ಕೆ ಹಾರಿ ಒಡೆಯುತ್ತದೆ. ಖಾನಾವಳಿಯಲ್ಲಿ ಅದಕ್ಕೆ ಯಾರೂ ತಲೆ ಎತ್ತುವುದಿಲ್ಲ. ತಂಬೂರಿಯ ಮುಂದೆ ಅಂಥ ನಗೆ ಹೇಗೆ ನಗುವುದು? ಹಾಗೆಯೇ ಖಾನಾವಳಿಯಲ್ಲಿ ರಾಗದ ಮಾತು ಎತ್ತುತ್ತಿರಲಿಲ್ಲ. ಸಾರು ಬಡಿಸುವವಳು ಸ್ವರದ ಮಾತಾಡಿದರೆ ಜನ ಏನಂದುಕೊಂಡಾರು ಎಂಬ ಸಂಕೋಚ. ಒಲೆಯ ಮುಂದೆ ರಾಗ ಹಾಡಬಾರದೆಂಬುದು ಸುಭದ್ರಾಬಾಯಿಯವರ ಕಟ್ಟಪ್ಪಣೆ ಕೂಡ ಆಗಿತ್ತು. ನಾವು ಶಿಷ್ಯರು ಅವರನ್ನು ಅಕ್ಕೋರು ಎನ್ನುತ್ತೇವೆ. ಬೇರೆಯವರ ಧಾಟಿ ತಮ್ಮ ಗಂಟಲಲ್ಲಿ ಕೂಡಬಾರದೆಂದು ಅಕ್ಕೋರು ಚಿಗವ್ವನ ಮೂಕ ರೊಟ್ಟಿ, ಹಾಲು, ಹಣ್ಣು ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ.

ಆ ವರ್ಷ ಚಳಿಗಾಲ ಮುಗಿಯುವಾಗ ಅಕ್ಕೋರು ನಮ್ಮನ್ನೆಲ್ಲ ಕೂಡಿಸಿ ಹೇಳಿದರು: "ಈ ಸಲ ಯುಗಾದಿ ಕೂಟದಾಗ ನಾ ಹಾಡೂದಿಲ್ಲ. ಉಸಿರು ಸಾಲವಲ್ದು. ನಿಮ್ಮೊಳಗ ಯಾರರ ಒಬ್ಬರು ಹಾಡ್ರಿ. ಆದ್ರ ನಾ ಕಲಿಸಿದ್ದು ಬ್ಯಾಡ. ನೀವು ಕಟ್ಟಿದ ಚೀಜು ತೊಗೊಂಡು ಬರ್ರಿ."

ಚೀಜು ಎಂದರೆ ರಾಗದಲ್ಲಿ ಕಟ್ಟಿದ ಹಾಡು. ಯುಗಾದಿಗೆ ಇಡೀ ಊರು ಸೇರುವ ಆ ಸಂಗೀತದ ಕೂಟದಲ್ಲಿ ಪ್ರತಿ ವರ್ಷ ಹಾಡುತ್ತಿದ್ದವರು ಅಕ್ಕೋರೇ. ಅಕ್ಕೋರ ಜಾಗದಲ್ಲಿ ಕುಳಿತು ಹಾಡುವುದೆಂದರೆ ನನಗೆ ಅದಕ್ಕಿಂತ ದೊಡ್ಡದು ಬೇರೆ ಇರಲಿಲ್ಲ. ಆಮೇಲೆ ಅವರು ಆ ಕೂಟದಲ್ಲಿ ಮತ್ತೆ ಹಾಡಲಾರರು ಎಂಬುದು ಗೊತ್ತಿತ್ತು. ಅವರು ಮುಂದೆ ಕುಳಿತು ಕೇಳುತ್ತಿರುವಾಗ ನಾನು ಹಾಡಬೇಕು, ಅದು ಈ ವರ್ಷವೇ ಆಗಬೇಕು ಎಂದು ಮನಸ್ಸು ಹಟ ಹಿಡಿಯಿತು.

ಕಟ್ಟಲು ಕುಳಿತೆ. ದಿನಾ ಬೆಳಗ್ಗೆ ಸಂತೆಗೆ ಹೋಗುವ ಮುಂಚೆ ತಂಬೂರಿ ಶ್ರುತಿ ಮಾಡಿಕೊಂಡು ಕಿಟಕಿಯ ಹತ್ತಿರ ಕೂಡುತ್ತಿದ್ದೆ. ಏನೋ ಒಂದು ಬರುತ್ತಿತ್ತು. ಎರಡು ದಿನ ಕಳೆದು ನೋಡಿದರೆ ಅದು ಅಕ್ಕೋರದೇ ಯಾವುದೋ ಹಾಡಿನ ತುಂಡಾಗಿರುತ್ತಿತ್ತು. ಕೊನೆಗೆ ಒಂದನ್ನು ಹೇಗೋ ಹೊಂದಿಸಿ ಅವರ ಮುಂದೆ ಹಾಡಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಸ್ವರ ಸ್ವಚ್ಛ ಅವ," ಎಂದರು. "ಆದ್ರ ದಾನಮ್ಮ, ನನ್ನ ಸೀರಿ ಉಟ್ಟಗೊಂಡು ನನ್ನ ಮುಂದನ ಬಂದು ನಿಂತಂಗ ಆತಲ್ಲ."

ನಾಚಿಕೆಯಿಂದ ನೆಲ ನೋಡಿದೆ. ಜೊತೆಗೆ ಕಲಿಯುವವರು ಆಮೇಲೆ ಒಂದೊಂದು ಉಪಾಯ ಹೇಳಿದರು. ಒಬ್ಬಳು ಉಪವಾಸ ಮಾಡು ಎಂದಳು. ಮಾಡಿದೆ. ಹಸಿದ ಹೊಟ್ಟೆಯಲ್ಲಿ ರಾಗದ ಬದಲು ಜುಣಕದ ವಡೆ ನೆನಪಾಯಿತು. ಇನ್ನೊಬ್ಬಳು ಹೊಳೆಯ ದಂಡೆಗೆ ಹೋಗಿ ಕೂಡು, ನೀರೇ ಹೇಳಿಕೊಡುತ್ತದೆ ಎಂದಳು. ಹೋದೆ. ಅಲ್ಲಿ ಯಾರೋ ಎಮ್ಮೆ ತೊಳೆಯುತ್ತಿದ್ದರು, ನನ್ನನ್ನು ನೋಡಿ "ಇವತ್ತ ಖಾನಾವಳಿ ಬಂದ್ ಏನ್ರಿ?" ಎಂದು ಕೇಳಿದರು. ಎದ್ದು ಬಂದೆ. ಮೈಯಲ್ಲಿ ಒಳ್ಳೆಯದೇನಾದರೂ ಇದ್ದರೆ ತಾನೆ ಹೊರಗೆ ಬರುವುದು, ಬದನೆಕಾಯಿ ಹೆಚ್ಚುವವಳಲ್ಲಿ ಏನಿರುತ್ತದೆ ಎಂದು ನನಗೆ ನಾನೇ ಅಂದುಕೊಂಡೆ.

ಹೀಗಿರುವಾಗ ಒಂದು ಮಧ್ಯಾಹ್ನ ಪೇಟೆಯಲ್ಲಿ ಮೆಣಸಿನಕಾಯಿ ತೂಗಿಸುತ್ತಿದ್ದೆ. ಪಕ್ಕದ ಅಂಗಡಿಯ ಬಳೆಗಾರ ಚನ್ನಬಸಪ್ಪ ಬಳೆ ಜೋಡಿಸುತ್ತ ಏನೋ ಗುನುಗುತ್ತಿದ್ದ. ನನ್ನ ಕೈ ನಿಂತಿತು. ಭೀಮಪಲಾಸ ರಾಗದ ನೆರಳು ಅದರಲ್ಲಿತ್ತು, ಆದರೆ ನಾನು ಬಲ್ಲ ಭೀಮಪಲಾಸ ಅಲ್ಲ. ನೆಲದ ಮೇಲೆ ದಪದಪ ಹೆಜ್ಜೆ ಇಟ್ಟುಕೊಂಡು ಬಂದು, ಮಧ್ಯದಲ್ಲಿ ನೀಟಾಗಿ ಮಡಿಯುಟ್ಟು, ಇದ್ದಕ್ಕಿದ್ದ ಹಾಗೆ ಮೇಲಿನ ಷಡ್ಜಕ್ಕೆ ಒಂದು ಜಿಗಿತ ಜಿಗಿದು, ಅಲ್ಲಿಂದ ಚೂರುಚೂರಾಗಿ ಕೆಳಗೆ ಉದುರುತ್ತಿತ್ತು. ಯಾರಿಗೆ ಹೊಳೆಯಿತು ಇದು? ಸಂತೋಷಕ್ಕಿಂತ ಮುಂಚೆ ನನ್ನೊಳಗೆ ಹೊಟ್ಟೆಕಿಚ್ಚು ಎದ್ದಿತು. ಈ ಊರಿನಲ್ಲೇ, ಯಾವುದೋ ಒಲೆಯ ಮುಂದೆ, ಯಾರೋ ಇದನ್ನು ಸುಮ್ಮನೆ ಗುನುಗಿ ಬಿಸಾಕುತ್ತಿದ್ದಾರೆ.

"ಚನ್ನಬಸಪ್ಪಣ್ಣ, ಇವತ್ತ ಎಲ್ಲಿ ಉಂಡಿ?" ಎಂದೆ.

"ಯಾಕವಾ?"

"ಆ ಧಾಟಿ ಯಾರದು ಅಂತ ಕೇಳಾಕತ್ತೀನಿ."

ಅವನು ತಲೆ ಕೆರೆದುಕೊಂಡ. "ಮುಂಜಾನೆ ಮನ್ಯಾಗ ಅವಲಕ್ಕಿ. ಆಮ್ಯಾಲ ಮಠದಾಗ ಪ್ರಸಾದ. ನಡುವ ನಮ್ಮ ಬೀಗರು ಬುತ್ತಿ ಬಿಚ್ಚಿದ್ರು, ಅದರಾಗೂ ಒಂದ ತುತ್ತ ತಿಂದೆ. ಯಾವುದರಾಗ ಬಂತೋ ಏನೋ. ಚಲೋ ಐತಿ ಬಿಡು, ಬಳಿ ಒಡೀವಲ್ವು ಇವತ್ತ."

ಅವನ ಹೆಂಡತಿಯನ್ನು ಕೇಳಿದೆ. ಅವಳು ಅವಲಕ್ಕಿ ಕಲಸುವಾಗ ಆಕಳಿಸುತ್ತಿದ್ದಳಂತೆ. ಮಠದಲ್ಲಿ ಭಜನೆಯ ಧಾಟಿಯೇ ಹೊರತು ಬೇರೆ ಇಲ್ಲ. ಮರುದಿನ ನಿಲ್ದಾಣದಲ್ಲಿ ಕಂಡಕ್ಟರ್ ಯಮನೂರಪ್ಪ ಟಿಕೆಟ್ ಹರಿಯುತ್ತ ಅದನ್ನೇ ಗುನುಗುತ್ತಿದ್ದ. ಬಸ್ಸಿನ ಬಾಗಿಲಿಗೆ ಜೋತುಬಿದ್ದು ಕೇಳಿದೆ.

"ಎಲ್ಲಿ ಉಂಡೆ ಅಂದ್ರ? ನಿಮ್ಮಲ್ಲೇ ಉಂಡೀನಲ್ಲ ದಾನಕ್ಕ! ಮರತಿಯೇನು?"

"ನಮ್ಮಲ್ಲಿ ಆ ಧಾಟಿ ಎಲ್ಲೈತಿ?"

"ದಿನಾ ಇಲ್ಲ. ಎಣ್ಣಿಗಾಯಿ ಇದ್ದ ದಿನ ಬರತೈತಿ. ನಾ ಅದಕ್ಕ ಎಣ್ಣಿಗಾಯಿ ಇದ್ದ ದಿನ ಡ್ಯೂಟಿ ಬದಲಿ ಮಾಡ್ಕೊಂಡ ಬರತೀನಿ," ಎಂದು ಸೀಟಿ ಊದಿದ. ಬಸ್ಸು ಹೊರಟಿತು. ಚನ್ನಬಸಪ್ಪನ ಬೀಗರ ಬುತ್ತಿಯೂ ನಮ್ಮ ಖಾನಾವಳಿಯಿಂದಲೇ ಹೋಗಿದ್ದು ಎಂಬುದು ಆಗ ನೆನಪಾಯಿತು.

ನಾನು ಒಳಗೆ ಬಂದು ಸೀದಾ ಚಿಗವ್ವನ ಮುಂದೆ ನಿಂತೆ. "ಚಿಗವ್ವಾ, ಒಲಿ ಮುಂದ ನೀ ಏನ ಹಾಡಾಕತ್ತಿ?"

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಬಾಯಿ ತೆರೆದು ತೋರಿಸಿದಳು. ಕೆಂಪು ರಸ, ಎಲೆಯ ಮುದ್ದೆ. ಹಿತ್ತಲಿಗೆ ಹೋಗಿ ಉಗುಳಿ ಬಂದು ಹೇಳಿದಳು: "ಈ ಬಾಯಿಲೆ? ಹುಚ್ಚಿ, ನೀನ ಹಾಡತಿ. ಬದನಿಕಾಯಿಗೆ ಖಾರ ತುಂಬೂ ಮುಂದ. ಬ್ಯಾಳಿ ಕುದಿಸೂ ಮುಂದ ನಿಮ್ಮವ್ವನ ಧಾಟಿ. ಬದನಿಕಾಯಿ ಕೈಯಾಗ ಹಿಡದಿ ಅಂದ್ರ ಅದು ಬಿಟ್ಟು ಇದು. ದೀಪಾವಳಿಯಿಂದ ಕೇಳಾಕತ್ತೀನಿ."

"ಮತ್ತ ನನಗ ಯಾಕ ಹೇಳಲಿಲ್ಲ?"

"ನಿನಗ ಗೊತ್ತಿಲ್ಲ ಅಂತ ನನಗೇನ ಗೊತ್ತ?"

ಎಣ್ಣೆಗಾಯಿಯ ಬದನೆಕಾಯಿ ಬಲು ನಾಜೂಕು. ತೊಟ್ಟು ಬಿಡದ ಹಾಗೆ ನಾಲ್ಕು ಸೀಳು ಸೀಳಿ, ಶೇಂಗಾ ಎಳ್ಳು ಗುರೆಳ್ಳಿನ ಖಾರವನ್ನು ಬೆರಳ ತುದಿಯಿಂದ ಒತ್ತಬೇಕು. ಹೆಚ್ಚಾದರೆ ಕಾಯಿ ಬಿರಿಯುತ್ತದೆ. ಆ ಹೊತ್ತಿನಲ್ಲಿ ನನ್ನ ಗಮನವೆಲ್ಲ ಬೆರಳಲ್ಲಿರುತ್ತದೆ. ಗಂಟಲು ಯಾರ ಕಾವಲೂ ಇಲ್ಲದೆ ತನ್ನ ಪಾಡಿಗೆ ತಾನಿರುತ್ತದೆ. ಕೂಡಲೇ ಒಂದು ಬುಟ್ಟಿ ಬದನೆಕಾಯಿ ತಂದು ಕುಳಿತೆ. ಕಿವಿಯನ್ನು ನನ್ನ ಗಂಟಲಿಗೇ ಇಟ್ಟು ಕಾದೆ. ಖಾನಾವಳಿಯ ಧಾಟಿ ಬಂತು, ಅಕ್ಕೋರ ಹಾಡು ಬಂತು, ಆ ಧಾಟಿ ಮಾತ್ರ ಬರಲಿಲ್ಲ. ನಾನು ತಿರುಗಿ ನೋಡಿದರೆ ಸಾಕು, ಹಲ್ಲಿಯಂತೆ ಸಂದಿಗೆ ಸೇರಿಕೊಳ್ಳುತ್ತಿತ್ತು. ನಾನು ಉಂಡರೆ ನನಗೆ ಹತ್ತುವುದೂ ಇಲ್ಲ.

ಬೇರೆ ದಾರಿ ಕಾಣದೆ ಗಿರಾಕಿಗಳ ಕಾಲು ಹಿಡಿದೆ. ಮುಂದಿನ ಎಣ್ಣೆಗಾಯಿಯ ದಿನ ಊಟ ಮುಗಿಸಿದ ಚನ್ನಬಸಪ್ಪನನ್ನೂ ಯಮನೂರಪ್ಪನನ್ನೂ ಏಳಗೊಡದೆ ಬೆಂಚಿನ ಮೇಲೆ ಕೂಡಿಸಿದೆ. "ಗುನುಗ್ರಿ," ಎಂದೆ.

"ನಾವೇನ ಹಾಡೂ ಮಂದಿ ಏನು ತಂಗಿ?" ಎಂದು ಬಳೆಗಾರ ಹಿಂಜರಿದ. ಆದರೆ ಗಂಟಲಿನಲ್ಲಿ ಇದ್ದದ್ದು ಬಿಡಬೇಕಲ್ಲ, ಬಂದೇಬಿಟ್ಟಿತು. ಅವನದು ಮೆದು. ಯಮನೂರಪ್ಪನದು ಬಿರುಸು, ಜಿಗಿತದ ಜಾಗದಲ್ಲಿ ಸೀಟಿಯೂ ಸೇರಿಕೊಳ್ಳುತ್ತಿತ್ತು. ಒಬ್ಬನಲ್ಲಿ ಮಸುಕಾದದ್ದು ಇನ್ನೊಬ್ಬನಲ್ಲಿ ಸ್ಪಷ್ಟವಾಗಿತ್ತು. ನಾನು ಅವರ ಎದುರು ನೆಲದ ಮೇಲೆ ಕುಳಿತು, ನನ್ನದೇ ಧಾಟಿಯನ್ನು ಇಬ್ಬರಿಂದ ಪಾಠ ಹೇಳಿಸಿಕೊಳ್ಳುವಂತೆ ಕಲಿತೆ. ಕೇಳುತ್ತ ಕೂತ ಚಿಗವ್ವ ನಡುವೆಯೇ ಕೈ ಎತ್ತಿದಳು.

"ತಡೀರಿ. ಆ ಮೊದಲಿಂದು ಇನ್ನೊಮ್ಮಿ ಅನ್ರಿ." ಇಬ್ಬರೂ ಮತ್ತೆ ಗುನುಗಿದರು. ಅವಳ ಕಣ್ಣು ಅರಳಿತು. "ಇದು ನಿಮ್ಮವ್ವ ಸಜ್ಜಿ ಕುಟ್ಟೂ ಮುಂದ ಹಾಡತಿದ್ಲವಾ! ರೊಟ್ಟಿ ಬಡಿಯೂ ಸಪ್ಪಳದಾಗ ಇಷ್ಟ ದಿನ ಗುರುತ ಸಿಕ್ಕಿದ್ದಿಲ್ಲ. ನೀ ತೊಟ್ಟಲದಾಗಿದ್ದಿ ಆವಾಗ. 'ಸಜ್ಜೀಯ ಕುಟ್ಟಾಕ ಗೆಜ್ಜೀಯ ಯಾತಕ, ಒನಕೀಯ ದನಿಯು ಕಡಿಮೇನ? ತಾಯವ್ವ, ನಕ್ಕರ ಊರೆಲ್ಲ ಕೇಳಲಿ.' ಆಕೀನ ಕಟ್ಟಿದ್ದು. ಆಕಿ ಹೋದಮ್ಯಾಲ ಯಾರೂ ಹಾಡಿಲ್ಲ."

ಮೊದಲ ಹೆಜ್ಜೆಗಳು ಅವ್ವನ ಒನಕೆಯವು. ನಡುವಿನದು ಅಕ್ಕೋರ ಮನೆಯಲ್ಲಿ ಕಲಿತ ಭೀಮಪಲಾಸ. ಕೆಳಗೆ ಉದುರುವುದು ನಿಲ್ದಾಣದಲ್ಲಿ ಶೇಂಗಾ ಮಾರುವವರ ಕೂಗಿನ ಕೊನೆ. ದಿನಾ ಕಿಟಕಿಯಿಂದ ಕೇಳುತ್ತೇನೆ. ಜಿಗಿತ ಮಾತ್ರ ಎಲ್ಲಿಯದೆಂದು ತಿಳಿಯಲಿಲ್ಲ. ನಾನು ಅದನ್ನು ಎತ್ತಿ ತೋರಿಸಿ "ಇದು ಎಲ್ಲಿಂದ ಬಂತು?" ಎಂದದ್ದೇ ತಡ, ಬೆಂಚಿನ ಮೇಲಿದ್ದ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು.

"ಅಕ್ಕ, ಸಿಟ್ಟಾಗಬ್ಯಾಡ. ಅದು ನೀ ನಗೂದು," ಎಂದ ಯಮನೂರಪ್ಪ.

ಹೊಟ್ಟೆಕಿಚ್ಚು ಪಟ್ಟದ್ದು ನನ್ನ ಮೇಲೆಯೇ ಎಂದು ಗೊತ್ತಾದಾಗ ಹಗುರವಾಗಬೇಕಿತ್ತು. ಆದರೆ ನನಗಾದದ್ದು ಭಯ. ಒನಕೆ, ಶೇಂಗಾದ ಕೂಗು, ಹುಂಜದ ನಗೆ, ಇವನ್ನೆಲ್ಲ ಕಟ್ಟಿಕೊಂಡು ಅಕ್ಕೋರ ಮುಂದೆ ಹೋಗುವುದು ಹೇಗೆ? ಒಲೆಯ ಮುಂದೆ ರಾಗ ಹಾಡಿದ್ದೇನೆ ಎಂಬುದೂ ಬಯಲಾಗುತ್ತದೆ. ಮನೆಯಲ್ಲಿ ಕುಳಿತು ಧಾಟಿಯನ್ನು ಅಕ್ಕಿ ಆರಿಸಿದ ಹಾಗೆ ಆರಿಸಿದೆ. ಒನಕೆಯ ಹೆಜ್ಜೆ ತೆಗೆದು ಅಲ್ಲಿ ಮೆಲ್ಲನೆಯ ಆಲಾಪ ಇಟ್ಟೆ. ಜಿಗಿತ ತೆಗೆದು ಮೆಟ್ಟಿಲು ಇಟ್ಟೆ. ಕೂಗನ್ನು ಪೂರ್ತಿ ಕಿತ್ತು ಹಾಕಿದೆ. ಸೊಗಸಾಗಿಯೇ ಕಂಡಿತು. ಗಂಜಿ ಸೀರೆ ಉಟ್ಟು ಹೋಗಿ ಹಾಡಿದೆ.

ಅಕ್ಕೋರು ಕಣ್ಣು ತೆರೆದು ನನ್ನನ್ನೇ ನೋಡಿದರು. "ಚಲೋ ಅದ. ಇದು ನನ್ನದಲ್ಲ, ಖರೇ. ಆದ್ರ ಇದರಾಗಿಂದ ಏನೋ ತೆಗದೀ ನೀ. ಮೊಳಿ ಕಿತ್ತ ಗ್ವಾಡಿಯಂಗ ತೂತು ಕಾಣಸಲಿಕ್ಕೆ ಹತ್ಯಾವ. ಏನ ತೆಗದಿ?"

"ಏನಿಲ್ರಿ ಅಕ್ಕೋರ."

"ದಾನಮ್ಮ."

ಅವರು ಹೆಸರು ಹಿಡಿದು ಹಾಗೆ ಕರೆದ ಮೇಲೆ ಮುಚ್ಚಿಡಲು ಆಗಲಿಲ್ಲ. ಎಲ್ಲ ಹೇಳಿದೆ: ಬದನೆಕಾಯಿ, ಬಳೆಗಾರ, ಅವ್ವನ ಸಜ್ಜೆ, ನನ್ನ ನಗೆ. ಬೈಯುತ್ತಾರೆಂದು ಕಾದು ಕುಳಿತೆ. ಅವರ ಮುಖ ಬಿಗಿಯಾಯಿತು.

"ಒಲಿ ಮುಂದ ರಾಗ ಹಾಡಬ್ಯಾಡ ಅಂದಿದ್ದೆ."

"ಹೌದ್ರಿ."

"ಅಂದಿದ್ದು ತಪ್ಪಲ್ಲ. ರಾಗ ಅಂದ್ರ ಒಗ್ಗರಣಿ ಅಲ್ಲ." ತಂಬೂರಿಯನ್ನು ನನ್ನ ಕಡೆ ಸರಿಸಿ, "ಈಗ ಏನೂ ತೆಗೀಲಾರದ ಹಾಡು," ಎಂದರು.

"ಬರೂದಿಲ್ರಿ. ಧಾಟಿ ಗೊತ್ತೈತಿ, ಆದ್ರ ನಾ ಬೇಕಂತ ಹಾಡಿದ್ರ ಕಟಿಗಿ ಗೊಂಬಿಯಂಗ ಆಗತೈತಿ. ಕೈಯಾಗ ಬದನಿಕಾಯಿ ಇದ್ದಾಗ ಮಾತ್ರ, ಅದೂ ನನಗ ಗೊತ್ತಿಲ್ಲದಂಗ."

ಮರುದಿನ ಹನ್ನೊಂದರ ಹೊತ್ತಿಗೆ, ಒಗ್ಗರಣೆಯ ಹೊಗೆ ತುಂಬಿದ ನಮ್ಮ ಅಡಿಗೆಮನೆಯ ಬಾಗಿಲಲ್ಲಿ ಅಕ್ಕೋರು ನಿಂತಿದ್ದರು. ಇಷ್ಟು ವರ್ಷದಲ್ಲಿ ಅವರು ಈ ಹೊಸ್ತಿಲು ತುಳಿದದ್ದಿಲ್ಲ. ನನ್ನ ಸೀರೆಯ ಸೆರಗು ಸೊಂಟಕ್ಕಿತ್ತು, ಮೊಣಕೈವರೆಗೆ ಖಾರ. ಎಲ್ಲಿ ಅಡಗಿಕೊಳ್ಳಲಿ ಎನಿಸಿತು. ಚಿಗವ್ವ ಗಡಿಬಿಡಿಯಿಂದ ಒಂದು ಮಣೆ ಒರೆಸಿ ಹಾಕಿದಳು. ಅಕ್ಕೋರು ಅದರ ಮೇಲೆ ಕುಳಿತು, ಹೊಗೆಗೆ ಕೆಮ್ಮಿ, ಸೆರಗಿನಿಂದ ಕಣ್ಣೊರೆಸಿಕೊಂಡರು.

"ನೀ ಕೆಲಸ ಮಾಡು," ಎಂದರು. "ಧಾಟಿ ಕಡೆ ನೋಡಬ್ಯಾಡ. ಕಾಯಿ ಕಡೆ ನೋಡು. ಧಾಟಿ ನಾ ನೋಡಕೋತೀನಿ."

ಆ ಕೊನೆಯ ಮಾತು ನನ್ನ ಭುಜದಿಂದ ಏನೋ ಇಳಿಸಿತು. ಕಾಯಿ ಸೀಳಿದೆ, ಖಾರ ಒತ್ತಿದೆ. ಮೊದಲ ಹತ್ತು ಕಾಯಿಗಳ ತನಕ ಅಕ್ಕೋರು ಕೂತ ಕಡೆಗೇ ಗಮನ ಜಾರುತ್ತಿತ್ತು. ಆಮೇಲೆ ಒಂದು ಕಾಯಿ ಒಳಗೆ ಹುಳ ಹಿಡಿದಿತ್ತು, ಅದನ್ನು ಬದಿಗೆ ಇಟ್ಟೆ. ಇನ್ನೊಂದು ಬಿರಿಯುವಂತಿತ್ತು, ಮೆತ್ತಗೆ ಹಿಡಿದೆ. ಯಾವಾಗಲೋ ಪಕ್ಕದಿಂದ ಒಂದು ಸಣ್ಣ ಷಡ್ಜ ಕೇಳಿಬರುತ್ತಿದೆ ಎಂದು ಗೊತ್ತಾಯಿತು. ಅಕ್ಕೋರು ತಂಬೂರಿಯ ಹಾಗೆ ಸ್ವರ ಹಿಡಿದು ಕುಳಿತಿದ್ದರು, ಅದರ ಮೇಲೆ ನಾನು ಆಗಲೇ ನಡೆಯುತ್ತಿದ್ದೆ. ಈ ಸಲ ತಿರುಗಿ ನೋಡಿದೆ, ಓಡಿಹೋಗಲಿಲ್ಲ. ಅವ್ವನ ಒನಕೆ ದಪದಪ ಬಿತ್ತು. ಭೀಮಪಲಾಸ ಹಾಯಾಗಿ ಹರಡಿತು. ಜಿಗಿತದ ಜಾಗ ಬಂದಾಗ ಗಂಟಲು ಬಿಟ್ಟುಕೊಟ್ಟೆ. ದನಿ ಮೇಲಕ್ಕೆ ಹಾರಿ ಒಡೆಯಿತು, ಹೊರಗೆ ಉಣ್ಣುತ್ತಿದ್ದವರ ಕೈ ತಾಟಿನಲ್ಲೇ ನಿಂತಿತು.

ಹಾಡು ಮುಗಿಯಿತು. ಚಿಗವ್ವ ಬಾಯಲ್ಲಿದ್ದುದನ್ನು ನುಂಗಿಯೇಬಿಟ್ಟಿದ್ದಳು. ಅಕ್ಕೋರು ಎದ್ದು ನಿಂತರು.

"ಇದನ್ನ ಹಾಡು," ಎಂದರು.

ಚಿಗವ್ವ ಸಡಗರದಿಂದ, "ಬಾಯಾರ, ಇಷ್ಟ ದೂರ ಬಂದೀರಿ. ಒಂದ ಎಣ್ಣಿಗಾಯಿ ರುಚಿ ನೋಡಿ ಹೋಗ್ರಲ್ಲ," ಎಂದಳು.

ಅಕ್ಕೋರು ಕೈ ಮುಗಿದರು. "ಒಲ್ಲೆನವಾ. ಕಿವಿಲೆ ಕೇಳೀನಿ, ಸಾಕು. ಆಕೀದು ಆಕೀಗೆ, ನಂದು ನನಗ. ಎರಡು ರೊಟ್ಟಿ ಕಟ್ಟಿಕೊಡು." ರೊಟ್ಟಿಯ ಗಂಟು ಹಿಡಿದು ಬಿಸಿಲಿನಲ್ಲಿ ನೆಟ್ಟಗೆ ನಡೆದು ಹೋದರು.

ಯುಗಾದಿಯವರೆಗಿನ ದಿನಗಳು ಸುಖದ ದಿನಗಳು. ಕೋಟೆ ಓಣಿಗೆ ನಾನು ಬದನೆಕಾಯಿ ಬುಟ್ಟಿಯೊಂದಿಗೆ ಹೋದೆ. "ಜಮಖಾನಕ್ಕ ಎಣ್ಣಿ ಹತ್ತಿದ್ರ ನೋಡು," ಎಂದು ಅಕ್ಕೋರು ಬೈದರು, ಆದರೆ ಬುಟ್ಟಿಯನ್ನು ಹೊರಗಿಡು ಎನ್ನಲಿಲ್ಲ. ಮೊದಲು ಕಾಯಿ ತುಂಬುತ್ತ ಹಾಡಿದೆ. ಆಮೇಲೆ ಬರಿಯ ಕಾಯಿ ಹಿಡಿದು. ಆಮೇಲೆ ಬೆರಳುಗಳಷ್ಟೇ ಗಾಳಿಯಲ್ಲಿ ಕಾಯಿ ತುಂಬುತ್ತಿದ್ದವು. ಒಂದು ದಿನ ಯಾವುದೋ ಮಾತಿಗೆ ತಂಬೂರಿಯ ಮುಂದೆಯೇ ನಕ್ಕುಬಿಟ್ಟೆ. ಜೊತೆಗಿದ್ದವರು ಬೆಚ್ಚಿದರು, ಅಕ್ಕೋರು "ಹಾಂ, ಅದ ಷಡ್ಜ, ಅಲ್ಲೇ ನಿಲ್ಲು," ಎಂದರು.

ಕೂಟದ ದಿನ ಇಡೀ ಊರು ಮೂಕ ಊಟ ಮಾಡುವುದು ನಮ್ಮಲ್ಲಿ ಪದ್ಧತಿ. ಇಲ್ಲದಿದ್ದರೆ ಸಭೆಯಲ್ಲಿ ನೂರು ಗಂಟಲು ನೂರು ಧಾಟಿ ಗುನುಗಿ ಹಾಡುವವರ ಗತಿ ಏನು? ಆ ದಿನ ಚಿಗವ್ವ ಬೆಳಗಿನಿಂದ ಊರಿಗೆಲ್ಲ ರೊಟ್ಟಿ ಬಡಿದಳು. ಯಾರ ಗಂಟಲಲ್ಲಿಯೂ ನನ್ನ ಎಣ್ಣೆಗಾಯಿ ಇರಲಿಲ್ಲ. ಧಾಟಿಗೆ ಶೇಂಗಾ ಎಳ್ಳಿನ ಒತ್ತಾಸೆ ಇಲ್ಲದೆ, ನನ್ನ ದನಿಯೊಂದರಿಂದಲೇ ಅದು ನಿಲ್ಲಬೇಕಿತ್ತು. ಸೆರಗು ಬಿಗಿದುಕೊಂಡು ಪುರಭವನದ ವೇದಿಕೆ ಹತ್ತಿದೆ.

ಇಳಿಹಗಲು. ಓರೆ ಬಿಸಿಲು ಬಾಗಿಲಿನಿಂದ ಒಳಗೆ ಚಾಚಿತ್ತು. ಪದ್ಮಾಸನ ಹಾಕದೆ, ಅಡಿಗೆಮನೆಯಲ್ಲಿ ಕೂಡುವ ಹಾಗೆ ಒಂದು ಮೊಣಕಾಲು ಎತ್ತಿ ಕುಳಿತೆ. ಮುಂದಿನ ಸಾಲಿನಲ್ಲಿ ಅಕ್ಕೋರು, ಅವರ ಪಕ್ಕದಲ್ಲಿ ಹೊಸ ಇಳಕಲ್ ಸೀರೆಯ ಚಿಗವ್ವ. ಅವ್ವನ ಮಾತನ್ನೇ ಎತ್ತಿಕೊಂಡೆ. 'ಸಜ್ಜೀಯ ಕುಟ್ಟಾಕ' ಎನ್ನುತ್ತಿದ್ದ ಹಾಗೆ ಸಭೆಯಲ್ಲಿ ಒಂದು ಅಲೆ ಎದ್ದಿತು. ಇಷ್ಟು ದಿನ ಯಾವ ಒಲೆಯದೆಂದು ತಿಳಿಯದೆ ತಾವು ಹೊತ್ತು ತಿರುಗಿದ್ದು ಇದು ಎಂದು ಜನ ಗುರುತು ಹಿಡಿಯುತ್ತಿದ್ದರು. ರಾಗ ಬೆಳೆದು ಜಿಗಿತಕ್ಕೆ ಬಂದು 'ನಕ್ಕರ ಊರೆಲ್ಲ' ಎಂದಾಗ ನಾನು ಅಳುಕಲಿಲ್ಲ. ದನಿ ಹಾರಿತು, ಒಡೆಯಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಂತರ ಇನ್ನೊಬ್ಬರು. ನನ್ನನ್ನು ಹಾಸ್ಯ ಮಾಡುತ್ತಿದ್ದಾರೆಯೇ ಎಂದು ಒಂದು ಕ್ಷಣ ಅನುಮಾನ ಬಂತು. ಅಲ್ಲ, ಅವರಿಗೆ ಹಿಗ್ಗು ತಡೆಯಲಾಗುತ್ತಿರಲಿಲ್ಲ. ಆ ಸಾಲನ್ನು ಮತ್ತೆ ಹಾಡಿದೆ, ಮತ್ತೆ ನಗು ಬಂತು, ನನಗೂ ಬಂತು. ಹಾಡೂ ನಗೆಯೂ ಬೇರೆ ಮಾಡಲಾಗದ ಹಾಗೆ ಬೆರೆತು ಮೇಲೇರಿದವು. ಅಕ್ಕೋರ ಅಂಗೈ ತೊಡೆಯ ಮೇಲೆ ತಾಳ ಬಡಿಯುತ್ತಿತ್ತು. ಚಿಗವ್ವ ಅಳುತ್ತಿದ್ದಳು, ಬಹುಶಃ ಅಕ್ಕನನ್ನು ನೆನೆದು.

ಇಳಿದು ಬಂದು ಕಾಲು ಮುಟ್ಟಿದಾಗ ಅಕ್ಕೋರು ಹೇಳಿದ್ದು ಇಷ್ಟೇ: "ಅಂತರಾದಾಗ ಒಂದು ಕಡೆ ಅವಸರ ಮಾಡಿದಿ. ನಾಳೆ ಬಾ, ಕೂಡಿ ನೋಡೋಣು." ಅದರಷ್ಟು ದೊಡ್ಡ ಸನ್ಮಾನ ನನಗೆ ಯಾರೂ ಮಾಡಿಲ್ಲ. ಆ ದಿನ ನನ್ನ ಅಡಿಗೆಯನ್ನು ಯಾರೂ ಉಂಡಿರಲಿಲ್ಲ. ಆದರೂ ಮರುದಿನ ಪೇಟೆಗೆ ಹೋದರೆ ಅಲ್ಲಿ ಇಲ್ಲಿ ಆ ಧಾಟಿ ಕೇಳುತ್ತಲೇ ಇತ್ತು.

ಈಗ ಅಕ್ಕೋರು ಹೊಸಬರಿಗೆ ಪಾಠ ಹೇಳುವುದಿಲ್ಲ, ಬಂದವರನ್ನು ನನ್ನ ಕಡೆ ಕಳಿಸುತ್ತಾರೆ. ಹೋದ ತಿಂಗಳು ಒಬ್ಬರು ಖಾನಾವಳಿಗೆ ಬಂದು ಊಟ ಮಾಡಿ, ಕೈ ತೊಳೆದು, ಹೋಗದೆ ನಿಂತರು. ದಾವಲಸಾಬ ಎಂದು ಹೆಸರು. ಗಡಿಯಾರ ಕಂಬದ ಹತ್ತಿರ ಸೈಕಲ್ಲಿನ ಪಂಕ್ಚರ್ ತೆಗೆಯುವ ಅಂಗಡಿ ಅವರದು. ವಯಸ್ಸು ನನಗಿಂತ ಹೆಚ್ಚೇ.

"ದಾನಕ್ಕಾರ, ನನಗ ಹಾಡ ಕಲಿಸತೀರೇನ್ರಿ?"

"ಯಾವುದರ ಒಂದು ಹಾಡ್ರಿ, ಕೇಳತೀನಿ."

ಹಾಡಿದರು. ದನಿ ಗಟ್ಟಿ, ಶ್ರುತಿಯೂ ಇತ್ತು. "ಚಂದ ಐತ್ರಿ. ಆದ್ರ ಯಾರದೋ ಕೇಳಿದಂಗ ಆತು," ಎಂದೆ.

ಅವರು ಮುಖ ಸಣ್ಣದು ಮಾಡಿದರು. "ಹೌದ್ರಿ. ಎಲ್ಲಾ ಕೇಳಿದ್ದ. ನಂದು ಅಂತ ಏನೂ ಇಲ್ರಿ ನನ್ನ ಕಡೆ. ಹೊಲಸ ಕೈ, ಟ್ಯೂಬಿನ ವಾಸನಿ, ಇಷ್ಟ."

ನಾಳೆ ನಾನೇ ನಿಮ್ಮ ಅಂಗಡಿಗೆ ಬರುತ್ತೇನೆ ಎಂದಾಗ ಅವರು ಗಾಬರಿಯಾದರು. ಹೋದಾಗ ಕೂಡಿಸಲು ಜಾಗವಿಲ್ಲದೆ ಒಂದು ಹಳೆಯ ಟೈರಿನ ಮೇಲೆ ಗೋಣಿ ಹಾಸಿದರು. ಚಹಾ ತರಿಸುತ್ತೇನೆ ಎಂದರು, ಬೇಡವೆಂದೆ. ಯಾವಾಗ ಶುರು ಮಾಡುವುದು ಎಂದು ಕೇಳಿದರು.

"ನಿಮ್ಮ ಕೆಲಸ ಮಾಡ್ರಿ. ಪಾಠ ನಾ ನೋಡಕೋತೀನಿ," ಎಂದೆ.

ಸ್ವಲ್ಪ ಹೊತ್ತು ಮುದುಡಿಕೊಂಡೇ ಇದ್ದರು. ಆಮೇಲೆ ಒಬ್ಬರು ಸೈಕಲ್ ತಂದು ನಿಲ್ಲಿಸಿ ಹೋದರು. ದಾವಲಸಾಬ ಟ್ಯೂಬ್ ಹೊರಗೆಳೆದು, ಗಾಳಿ ತುಂಬಿ, ನೀರಿನ ಬೋಗುಣಿಯಲ್ಲಿ ಅದ್ದಿ ಒಂದೊಂದೇ ಗೇಣು ತಿರುಗಿಸತೊಡಗಿದರು. ತಲೆ ಬಗ್ಗಿತು, ಕಣ್ಣು ನೀರಿನಲ್ಲಿ ನೆಟ್ಟಿತು. ಒಂದು ಕಡೆ ಸಣ್ಣ ಗುಳ್ಳೆಗಳು ಸಾಲುಗಟ್ಟಿ ಎದ್ದವು. ಅದರ ಮೇಲೆ ಹೆಬ್ಬೆರಳಿಟ್ಟು, ಮೊಳಕೈಯಿಂದ ಹಣೆ ಒರೆಸಿಕೊಂಡರು, ಮತ್ತೆ ಬಗ್ಗಿದರು. ಅವರ ಮೂಗಿನೊಳಗಿನಿಂದ, ಬಲು ಸಣ್ಣಗೆ, ನಾನು ಎಲ್ಲಿಯೂ ಕೇಳಿರದ ಒಂದು ಧಾಟಿ ಹೊರಟಿತು.

ಉಸಿರು ಹಿಡಿದು ಕುಳಿತೆ. ಅವರಿಗೆ ಇನ್ನೂ ಗೊತ್ತಿರಲಿಲ್ಲ.